ಬಾ ಅಂತ ಕರಿಯೂದು ಹೆಂಗ

ಮಾತಾಡುವ ಇಬ್ಬರೂ ವಿಜಯಪುರ ಜಿಲ್ಲೆಯವರು. ಒಬ್ಬರು ಇಂಡಿ ತಾಲೂಕಿನ ರೈತ, ಲಿಂಬೆ ತೋಟದವರು. ಇನ್ನೊಬ್ಬಳು ಅವರ ತಂಗಿಯ ಮಗಳು. ಮುದ್ದೇಬಿಹಾಳ ಕಡೆ ಹುಟ್ಟಿ ಬೆಳೆದು, ಸಿಂದಗಿ, ಬಸವನಬಾಗೇವಾಡಿ ಕಡೆ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದವಳು. ಮಾತು ರೈತನ ಮಗನ ಕುರಿತು.

ಮಾವ: ಯವ್ವಾ, ಸುತ್ತಿ ಬಳಸಿ ಮಾತಾಡಂಗಿಲ್ಲ ನಾ. ಹುಡುಗ ಕೈ ಮೀರಿ ಹೋಗ್ಯಾನ. ಮನಿದೇವರ ಮುಂದ ಆಣಿ ಮಾಡ್ಸಿದೆ. ಬಸವನಬಾಗೇವಾಡಿಗೆ ಕರ್ಕೊಂಡು ಹೋಗಿ ಗುಡ್ಯಾಗ ನಿಲ್ಸಿ ಮಾತು ತಗೊಂಡೆ. ವಾರ ತಡೀಲಿಲ್ಲ.

ನರ್ಸ್: ಏನು ತಗೋತಾನ, ಗೊತ್ತದ ಏನ್ರಿ?

ಮಾವ: ಟಿಪ್ಪರ್ ಹೊಡ್ಯಾಕ ಅಂತ ಪುಣೆ, ಗೋವಾ ತಿರಗ್ಯಾಡಿದ. ಅಲ್ಲೇ ಗಾಂಜಾ ಕಲ್ತ. ಆಮ್ಯಾಲ ಬೆನ್ನು ನೋವಿಗೆ ಅಂತ ಯಾರೋ ಗುಳಿಗಿ ಕೊಟ್ರು. ಬೆನ್ನು ನೋವು ಎಂದೋ ಹೋಗ್ಯದ, ಗುಳಿಗಿ ಉಳದದ. ಮುಂಜಾನಿ ಸಿಗದಿದ್ರ ಮೂಗು ಸೋರ್ತದ, ಮ್ಯಾಲಿಂದ ಮ್ಯಾಲ ಆಕಳಿಕಿ, ಮೈ ಕೈ ಹಿಡಕೊಂಡು ಹೊಳ್ಳಾಡ್ತಾನ, ಹೊಟ್ಟಿ ಕೆಡ್ತದ. ನಾಟಕ ಮಾಡ್ತಾನ ಅಂತಾಳ ನಿಮ್ಮತ್ತಿ.

ನರ್ಸ್: ನಾಟಕ ಅಲ್ರಿ ಮಾವಾ. ನೋವಿನ ಗುಳಿಗ್ಯಾಗ ಕೆಲವು ಅಫೀಮಿನಂಗ ಕೆಲಸ ಮಾಡುವಂಥವು ಅದಾವ. ಟ್ರಮಡಾಲ್, ಟ್ಯಾಪೆಂಟಡಾಲ್ ಅಂತ ಹೆಸರು. ಡಾಕ್ಟರ್ ಚೀಟಿ ಇಲ್ಲದ ಮಾರಬಾರದು, ಆದ್ರೂ ಕೈಯಿಂದ ಕೈಗೆ ಸಿಗ್ತಾವ. ಮೈ ಅದಕ್ಕ ಒಗ್ಗಿದ ಮ್ಯಾಲ ಗುಳಿಗಿ ನಿಂತ್ರ ನೀವು ಹೇಳಿದ್ದೆಲ್ಲ ಆಗೇ ಆಗ್ತದ. ಎರಡನೇ, ಮೂರನೇ ದಿನಕ್ಕ ಏರ್ತದ, ಒಂದು ವಾರದೊಳಗ ಇಳೀತದ. ಆ ನಡುವಿನ ದಿನ ತಡಕೊಳ್ಳಾಕ ಆಗದ ಮತ್ತ ಬಾಯಿಗೆ ಹಾಕೋತಾನ. ಆಣಿ ಮಾಡುವಾಗ ಅವ ಸುಳ್ಳು ಹೇಳಿರಂಗಿಲ್ಲ, ಅದನ್ನ ನಂಬ್ರಿ. ಆ ಹೊತ್ತಿಗೆ ಅವಗೂ ಖರೇನ ಬಿಡಬೇಕು ಅನಿಸಿರ್ತದ.

ಮಾವ: ಹಂಗಾದ್ರ ಆಣಿ ಮಾಡ್ಸಿದ್ದು ತಪ್ಪೇನು? ಇಳಕಲ್ಲ ಮಹಾಂತಪ್ಪಗಳು ಜೋಳಿಗಿ ಹಿಡಕೊಂಡು ಊರೂರು ತಿರಗ್ಯಾಡಿದ್ರಲ್ಲ. ಎಷ್ಟು ಮಂದಿ ಬಿಟ್ಟಾರ!

ನರ್ಸ್: ಚಲೋ ಮಾತು ತಗದ್ರಿ. ನಮ್ಮ ಮುದ್ದೇಬಿಹಾಳದಿಂದ ಕೃಷ್ಣಾ ದಾಟಿದ್ರ ಹುನಗುಂದ, ಅದರಾಚೆ ಇಳಕಲ್ಲ. ಅಪ್ಪಗಳ ಜೋಳಿಗಿ ಮಾತು ಕೇಳ್ಕೋಂತನ ನಾ ಬೆಳದಿದ್ದು. 1975ರಾಗ ಶುರು ಮಾಡಿದ್ರು. ಬ್ಯಾರೆ ಸ್ವಾಮಿಗಳು ಜೋಳಿಗ್ಯಾಗ ಕಾಳು ಕಡಿ ಬೇಡಿದ್ರ, ಇವರು ನಿಮ್ಮ ಚಟ ಹಾಕ್ರಿ ಅಂತ ಬೇಡಿದ್ರು. 2018ರಾಗ ಲಿಂಗೈಕ್ಯರಾದ್ರು. ಅವರು ಹುಟ್ಟಿದ ಆಗಸ್ಟ್ 1ನೇ ತಾರೀಖನ್ನ ನಮ್ಮ ಸರ್ಕಾರ ವ್ಯಸನಮುಕ್ತ ದಿನ ಅಂತ ಮಾಡ್ತದ. ಆದ್ರ ಮಾವಾ, ಅವರು ಮಾಡಿದ್ದರೊಳಗ ಒಂದು ಸೂಕ್ಷ್ಮ ಅದ. ಅಷ್ಟು ದೊಡ್ಡ ಮಠದ ಅಪ್ಪಗಳು ಕುಡುಕನ ಬಾಗಲಕ್ಕ ಬೇಡಾಕ ಬಂದ್ರು, ಬುದ್ಧಿ ಹೇಳಾಕ ಅಲ್ಲ. ಊರೆಲ್ಲ ಯಾರನ್ನ ಛೀ ಥೂ ಅಂತಿತ್ತೋ ಅವ ಆ ಹೊತ್ತಿಗೆ ಕೊಡಾವ ಆಗಿ ನಿಂತ. ಅವನ ಮಾನ ಅವನ ಕೈಯಾಗೇ ಉಳೀತು.

ಮಾವ: ಅಂದ್ರ ಈಗ ನಾನೂ ಮಗನ ಮುಂದ ಜೋಳಿಗಿ ಒಡ್ಡಬೇಕೇನು?

ನರ್ಸ್: ಒಡ್ಡಬೇಕು. ಆದ್ರ ಬೇಡೂದು ಬದಲ್ ಮಾಡ್ರಿ. ನೀವು ಇಷ್ಟು ದಿನ ಬಿಡು, ಬಿಡು ಅಂತ ಬೇಡಿದ್ರಿ. ಇವತ್ತಿಗೆ ಅದು ಅವನ ಕೈಯಾಗಿಲ್ಲ. ಇಲ್ಲದ್ದನ್ನ ಬೇಡಿದ್ರ ಎಲ್ಲಿಂದ ಕೊಡ್ತಾನ? ಆಣಿ ಮಾಡ್ತಾನ, ತಪ್ತಾನ, ನಿಮ್ಮ ಮಾರಿ ನೋಡಾಕ ನಾಚ್ತಾನ, ನಾಚಿಕಿಗೆ ಮತ್ತ ತಗೋತಾನ. ಒಂದ ಒಂದು ಸಲ ನನ್ನ ಜೋಡಿ ದವಾಖಾನಿಗೆ ಬಾ ಅಂತ ಬೇಡ್ರಿ. ಅದು ಅವನಿಂದ ಆಗುವಂಥಾದ್ದು.

ಮಾವ: ದವಾಖಾನಿ ಅನ್ನೂದಕ್ಕಿಂತ ಕೋಣ್ಯಾಗ ಹಾಕಿ ಕೀಲಿ ಜಡದು ನಾಕು ದಿನ ಬಿಟ್ರ ನಶಾ ಇಳಿಯಂಗಿಲ್ಲೇನು? ನಮ್ಮ ಬೀಗರು ಹಂಗ ಮಾಡಿದ್ರು.

ನರ್ಸ್: ಬ್ಯಾಡ್ರಿ. ಇದನ್ನ ನಾ ಕೈ ಮುಗದು ಹೇಳ್ತೀನಿ. ದಿನಾ ಗಟ್ಟಿಯಾಗಿ ಕುಡ್ಯಾವ ಒಮ್ಮಿಂದೊಮ್ಮೆಲೆ ನಿಲ್ಸಿದ್ರ ಒಂದೆರಡು ದಿನದಾಗ ಫಿಟ್ಸ್ ಬರಬಹುದು. ಆಮ್ಯಾಲ ಇಲ್ಲದ್ದು ಕಾಣ್ತದ, ಗ್ವಾಡಿ ಮ್ಯಾಲ ಹುಳ ಹರದಾಡ್ತಾವ ಅಂತಾನ, ಹಗಲು ರಾತ್ರಿ ಗೊತ್ತಾಗಂಗಿಲ್ಲ, ಮೈ ಸುಡ್ತದ. ಮಂದಿ ಗಾಳಿ ಬಡೀತು ಅಂತ ತಾಯತ ಕಟ್ತಾರ. ಅದಕ್ಕ ಔಷಧ ಬೀಳದಿದ್ರ ಜೀವ ಹೋಗಬಹುದು. ದವಾಖಾನ್ಯಾಗಾದ್ರ ಗುಳಿಗಿ ಕೊಟ್ಟು ದಿನಾ ಇಷ್ಟಿಷ್ಟು ಇಳಸ್ತಾರ, ಬಿ1 ವಿಟಮಿನ್ ಸೂಜಿ ಹಾಕ್ತಾರ, ಕಣ್ಣಾಗ ಕಣ್ಣಿಟ್ಟು ನೋಡ್ತಾರ. ನಿದ್ದಿ ಗುಳಿಗಿ ತಿಂದು ತಿಂದು ರೂಢಿ ಆದವರಿಗೂ ಹಿಂಗ, ಒಮ್ಮೆಲೆ ನಿಲ್ಸಬಾರದು.

ಮಾವ: ನಮ್ಮ ಹುಡುಗ ಕುಡ್ಯಾಂಗಿಲ್ಲಲ್ಲ, ಗುಳಿಗಿ.

ನರ್ಸ್: ಅಫೀಮಿನ ಜಾತಿ ಗುಳಿಗಿ ಬಿಟ್ರ ಸಂಕಟ ಭಾಳ ಆಗ್ತದ, ಆದ್ರ ಅದರಿಂದ ಸಾಯೂದು ಕಡಿಮಿ. ಅಂಜಿಕಿ ಅದರ ಮುಂದಿಂದು. ಹದಿನೈದು ದಿನ, ತಿಂಗಳು ಬಿಟ್ಟ ಮ್ಯಾಲ ಮೈ ಮೊದಲಿನಂಗ ತಡಕೊಳ್ಳಂಗಿಲ್ಲ. ಆವಾಗ ಸಿಟ್ಟಿಗೋ ದುಃಖಕ್ಕೋ ಹಳೇ ಲೆಕ್ಕದಷ್ಟೇ ಒಮ್ಮೆಲೆ ತಗೊಂಡ್ರ ಉಸುರು ನಿಂತು ಹೋಗಬಹುದು. ಕೀಲಿ ಜಡದು ಬಿಡಸ್ದವರ ಮನ್ಯಾಗ ಇದು ಯಾರಿಗೂ ಗೊತ್ತಿರಂಗಿಲ್ಲ. ಕೋಣಿ ಬಾಗಲಾ ತಗದ ಮ್ಯಾಲ ಅವನ ಜೋಡಿ ಯಾರಿರ್ತಾರ, ಹೇಳ್ರಿ?

ಮಾವ: ಇನ್ನೊಂದು ಮಾತು. ನೀ ಸಿಟ್ಟಿಗೇಳಬ್ಯಾಡ. ಮದವಿ ಮಾಡಿದ್ರ ಜವಾಬ್ದಾರಿ ಬರ್ತದ ಅಂತ ಎಲ್ಲಾರೂ ಅಂತಾರ. ನಿಮ್ಮವ್ವಗ ಕೇಳೂಣು ಅಂತ ಮಾಡಿದ್ದೆ. ನಿನ್ನ ತಂಗಿ ನನ್ನ ಮನಿಗೆ ಬಂದ್ರ...

ನರ್ಸ್: ಕೇಳಬ್ಯಾಡ್ರಿ ಮಾವಾ. ನಿಮ್ಮ ಬಾಯಿಂದ ಈ ಮಾತು ನಮ್ಮವ್ವನ ಕಿವಿಗೆ ಬಿದ್ರ ಅಣ್ಣಗ ಇಲ್ಲ ಅನ್ನಾಕ ಆಕಿಗೆ ಬಾಯಿ ಬರಂಗಿಲ್ಲ, ಅದಕ್ಕ ಮೊದಲ ನಾ ಹೇಳ್ತೀನಿ. ಹೆಣ್ಣು ಔಷಧ ಅಲ್ಲ. ಬಸವನಬಾಗೇವಾಡ್ಯಾಗ ನಾ ಕೆಲಸ ಮಾಡುವಾಗ ಹೆರಿಗಿ ವಾರ್ಡಿನ್ಯಾಗ ಎಂಥೆಂಥಾ ಹುಡುಗ್ಯಾರನ್ನ ನೋಡೀನಿ. ಹತ್ತೊಂಬತ್ತು, ಇಪ್ಪತ್ತು ವರ್ಷದವರು. ಗಂಡ ತಾಳಿ ಒತ್ತಿ ಹಾಕ್ಯಾನ, ಕೈ ಮ್ಯಾಲ ಬರಿ ಎದ್ದಾವ, ಬಾಣಂತಿ ಖರ್ಚಿಗೆ ಇಟ್ಟ ರೊಕ್ಕ ಹೋಗ್ಯದ. ಕೇಳಿದ್ರ ಅತ್ತಿ ಅಂತಾಳ, ಮದವಿ ಮಾಡಿದ್ರ ಸುಧಾರಸ್ತಾನ ಅನಕೊಂಡಿದ್ವಿ ಅಂತ. ಅವ ಮೊದಲು ಸುಧಾರಸಲಿ. ಒಂದು ವರ್ಷ, ಎರಡು ವರ್ಷ ನೆಟ್ಟಗಿರಲಿ. ಆಮ್ಯಾಲ ಹೆಣ್ಣಿನ ಮನಿಯವರ ಮುಂದ ಇದ್ದದ್ದು ಇದ್ದಂಗ ಹೇಳಿ ಕೇಳ್ರಿ.

ಮಾವ: ಆತು ಬಿಡು, ಆ ಮಾತು ತಗಿಯಂಗಿಲ್ಲ. ನಿಮ್ಮತ್ತಿ ಒಂದು ಪುಡಿ ತರಸ್ಯಾಳ. ಊಟದಾಗ ಕಲಸಿ ಹಾಕಿದ್ರ ಗೊತ್ತಾಗದಂಗ ಚಟ ಬಿಡ್ತದಂತ.

ನರ್ಸ್: ಅದನ್ನ ಇವತ್ತ ತಿಪ್ಪಿಗೆ ಚೆಲ್ಲಸ್ರಿ. ಕುಡ್ಯಾವರಿಗೆ ಡೈಸಲ್ಫಿರಾಮ್ ಅಂತ ಒಂದು ಗುಳಿಗಿ ಅದ. ಅದು ಹೊಟ್ಟ್ಯಾಗಿದ್ದಾಗ ಸೆರೆ ಕುಡದ್ರ ಎದಿ ಬಡಕೊಂತದ, ವಾಂತಿ ಆಗ್ತದ, ಬಿಪಿ ಕುಸೀತದ. ಅದಕ್ಕ ಡಾಕ್ಟರು ರೋಗಿಗೆ ತಿಳಿಸಿ, ಒಪ್ಪಿಗಿ ತಗೊಂಡೇ ಕೊಡ್ತಾರ. ಗೊತ್ತಿಲ್ಲದವಗ ಅನ್ನದಾಗ ಹಾಕೂದು ವಿಷ ಹಾಕಿದಂಗ. ಹೆಸರಿಲ್ಲದ ಪುಡಿಯೊಳಗ ಏನು ಕಲಸ್ಯಾರೋ ಯಾರು ಬಲ್ಲರು? ಅದಲ್ಲದ, ಒಂದು ದಿನ ಅವಗ ಗೊತ್ತಾತು ಅಂದ್ರ ಮನ್ಯಾಗಿನ ಅನ್ನಕ್ಕೂ ಅವ ಅಂಜ್ತಾನ. ಅದಾದ ಮ್ಯಾಲ ನೀವು ಬಾ ಅಂದ್ರ ಯಾಕ ಬರ್ತಾನ?

ಮಾವ: ಬಾ ಅನ್ನಾಕ ನನಗೂ ಅಂಜಿಕಿ ಅದ ಯವ್ವಾ. ಕಬ್ಬಿನ ನಡಬರಕ ಗಾಂಜಾ ಗಿಡ ಸಿಕ್ವು, ತೊಗರಿ ಹೊಲದಾಗ ಸಿಕ್ವು ಅಂತ ಪೇಪರಿನ್ಯಾಗ ಬರ್ತಿರ್ತದ. ದವಾಖಾನ್ಯಾಗ ಹೆಸರು ಬರಸಿದ್ರ ನಾಳೆ ಪೊಲೀಸ್ರು ಮನಿ ಮುಂದ ಬಂದ್ರ?

ನರ್ಸ್: ಬೆಳ್ಯೂದು, ಮಾರೂದು ಬ್ಯಾರೆ. ಅದಕ್ಕ ಶಿಕ್ಷಾ ಅದ, ಇರಬೇಕು. ಚಟಕ್ಕ ಬಿದ್ದು ಔಷಧಕ್ಕ ಬಂದವನ ಮಾತು ಬ್ಯಾರೆ. ಮಾದಕ ವಸ್ತುಗಳ ಕಾಯ್ದಿ 1985ರದು. ಅದರಾಗ 64ಎ ಅಂತ ಒಂದು ಕಲಮು ಅದ. ಬರೇ ಸೇವನಿ ಮಾಡಿದ್ದಕ್ಕ, ಇಲ್ಲಾ ಅಲ್ಪ ಪ್ರಮಾಣ ಸಿಕ್ಕಿದ್ದಕ್ಕ ಕೇಸಾದ ವ್ಯಸನಿ ತಾನಾಗಿ ಸರ್ಕಾರಿ ಇಲ್ಲಾ ಸರ್ಕಾರ ಒಪ್ಪಿದ ದವಾಖಾನಿಗೆ ಹೋಗಿ ಚಿಕಿತ್ಸಾ ಪೂರಾ ತಗೊಂಡ್ರ ಆ ಕೇಸು ಮುಂದ ನಡಸಂಗಿಲ್ಲ. ಅರ್ಧಕ್ಕ ಬಿಟ್ರ ಆ ರಕ್ಷಣಾ ತಗೀಬಹುದು. ಕಾಯ್ದಿ ಬರದವರಿಗೂ ಇವರನ್ನ ಜೇಲಿಗಿಂತ ದವಾಖಾನಿಗೆ ಕಳಸೂದು ಚಲೋ ಅನಿಸ್ಯದ. ಇನ್ನ ನಿಮ್ಮ ಮಗನ ಮ್ಯಾಲ ಕೇಸೇ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದ್ಯಾಗ ಸೆರೆ, ಮಾದಕ ವಸ್ತುವಿನ ತ್ರಾಸೂ ಸೇರ್ಯದ. ರೋಗಿಯ ವಿಷಯ ಗುಟ್ಟಾಗಿ ಇಡಬೇಕು ಅಂತ ಅದ ಕಾಯ್ದಿ ಹೇಳ್ತದ.

ಮಾವ: ಊರ ಮಂದಿ ಬಾಯಿಗೆ ಯಾವ ಕಾಯ್ದಿ? ಹುಚ್ಚರ ಡಾಕ್ಟರ್ ಹತ್ರ ಹೋಗಿದ್ರಂತ ಅಂತಾರ.

ನರ್ಸ್: ಈಗ ಏನಂತಾರ? ಗಾಂಜಾ ಸೇದ್ತಾನ ಅಂತಾರಲ್ಲ, ಅದು ಚಲೋ ಏನ್ರಿ? ಆ ಮಾತಿಗೆ ಅಂಜಿ ಮನ್ಯಾಗ ಕುಂತವರು ಭಾಳ ಮಂದಿ. 2019ರಾಗ ದೆಹಲಿಯ ಏಮ್ಸ್ ದವಾಖಾನಿಯವರು ದೇಶದ ಲೆಕ್ಕ ತಗದು ಕೊಟ್ರು. ಕುಡಿತಕ್ಕ ಸೋತು ಹೋದ 38 ಮಂದ್ಯಾಗ ಒಬ್ಬಾವ ಚಿಕಿತ್ಸಾ ತಗೊಂಡಿದ್ದ. ಗಾಂಜಾ, ಅಫೀಮು, ಇಂಥಾ ಮಾದಕ ವಸ್ತುವಿಗೆ ಸೋತವರೊಳಗ 20ಕ್ಕ ಒಬ್ಬಾವ. ಉಳದವರೊಳಗ ಎಷ್ಟೋ ಮಂದಿ ನಮ್ಮಂಗ ಮನ್ಯಾಗ ಕುಂತು ಯಾರರ ನೋಡ್ಯಾರು ಅಂತ ಅಂಜಿದವರ.

ಮಾವ: ಎಲ್ಲಿಗೆ ಹೋಗೂದು? ಧಾರವಾಡ ಅಂತಾರ, ಬೆಂಗಳೂರು ನಿಮ್ಹಾನ್ಸ್ ಅಂತಾರ. ಇಂಡಿಯಿಂದ ಧಾರವಾಡ ಇನ್ನೂರು ಕಿಲೋಮೀಟರಿಗೂ ಮಿಕ್ಕಿ ಅದ. ಲಿಂಬಿಗೆ ರೇಟು ಬಿದ್ದ ವರ್ಷ ನಾ ಎಲ್ಲಿಂದ ತರ್ಲಿ?

ನರ್ಸ್: ಮೊದಲ ಹೆಜ್ಜಿ ಅಷ್ಟು ದೂರ ಇಡಬ್ಯಾಡ್ರಿ. ಮನೋಚೈತನ್ಯ ಅಂತ ಸರ್ಕಾರದ ಕಾರ್ಯಕ್ರಮ ಅದ. ಅದರ ಲೆಕ್ಕದಾಗ ಗೊತ್ತು ಮಾಡಿದ ಮಂಗಳವಾರ ಮನೋರೋಗದ ಡಾಕ್ಟರು ತಾಲೂಕು ದವಾಖಾನಿಗೆ ಬರ್ತಾರ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ, ನಾಕೂ ಕಡೆ ತಾಲೂಕು ದವಾಖಾನಿ ಅದಾವ. ಯಾವ ಮಂಗಳವಾರ ಎಲ್ಲಿ ಅನ್ನೂದನ್ನ ಊರಿನ ಆಶಾ ಅಕ್ಕಗ ಮೊದಲ ಕೇಳ್ಕೋರಿ, ಸುಮ್ನ ಬಸ್ ಖರ್ಚು ಆಗಬಾರದು. ಜ್ವರ ಬಂದವರು ಚೀಟಿ ಮಾಡಸೂ ಕಿಟಕ್ಯಾಗ ನೀವೂ ಚೀಟಿ ಮಾಡಸ್ತೀರಿ. ಪಾಳೇದಾಗ ನಿಂತವರಿಗೆ ನಿಮ್ಮ ಮಗಗ ಏನು ಆಗ್ಯದ ಅಂತ ಗೊತ್ತಾಗಂಗಿಲ್ಲ. ಅಡ್ಮಿಟ್ ಮಾಡೂದು ಬೇಕಾದ್ರ ಅವರ ವಿಜಯಪುರಕ್ಕ ಬರದು ಕೊಡ್ತಾರ. ಅಲ್ಲಿ ಜಿಲ್ಲಾ ಆಸ್ಪತ್ರಿ ಅದ, ಮೆಡಿಕಲ್ ಕಾಲೇಜು ದವಾಖಾನಿ ಅದಾವ. ಅಲ್ಲೂ ಆಗದಿದ್ರ ಆವಾಗ ಧಾರವಾಡ. ಮನಿ ಬಿಟ್ಟು ಹೊಂಡೂ ಮೊದಲ ಮಾತಾಡಬೇಕು ಅನಿಸಿದ್ರ 14446 ಅಂತ ನಂಬರ ಅದ, ಚಟ ಬಿಡೂದಕ್ಕಂತನ ಇರೂದು, ರೊಕ್ಕ ಬೀಳಂಗಿಲ್ಲ. ಮನಸ್ಸಿನ ತ್ರಾಸಿಗೆ 14416, ಟೆಲಿಮಾನಸ್.

ಮಾವ: ಸಿಂದಗಿ ಕಡೆ ಒಬ್ಬರು ಮಗನ್ನ ಎಲ್ಲೋ ದೂರದ ಪ್ರೈವೇಟ್ ಸೆಂಟರಿಗೆ ಹಾಕಿದ್ರಂತ. ಜೀಪ್ ತಂದು ಎತ್ತಿ ಹಾಕ್ಕೊಂಡು ಹೋದ್ರಂತ. ಹೊಡದ್ರಂತ. ಹೊಳ್ಳಿ ಬಂದಾವ ಅಪ್ಪನ ಜೋಡಿ ಮಾತು ಬಿಟ್ಟಾನ.

ನರ್ಸ್: ಹೊಡಿಯೂದು ಚಿಕಿತ್ಸಾ ಅಲ್ಲ, ಅಪರಾಧ. ಸರಪಳಿ ಹಾಕೂದನ್ನ 2017ರ ಕಾಯ್ದಿ ಬರದ ಬಂದ್ ಮಾಡ್ಯದ. ಜೀವಕ್ಕ ಅಪಾಯ ಇದ್ದಂಥ ಹೊತ್ತಿನ್ಯಾಗ ಒಪ್ಪಿಗಿ ಇಲ್ಲದ ಅಡ್ಮಿಟ್ ಮಾಡಾಕ ದಾರಿ ಅದ, ಆದ್ರ ಅದಕ್ಕ ಡಾಕ್ಟರ್ ಪರೀಕ್ಷಾ ಬೇಕು, ದಿನದ ಮಿತಿ ಅದ. ಜೀಪಿನವರು ಬಂದು ಎತ್ಕೊಂಡು ಹೋಗೂದಲ್ಲ. ಯಾವ ಸೆಂಟರಿಗೆ ಹೋದ್ರೂ ಮೊದಲ ಕೇಳ್ರಿ: ನೋಂದಣಿ ಆಗ್ಯದೇನು? ಡಾಕ್ಟರ್ ಯಾರು, ಯಾವಾಗ ಬರ್ತಾರ? ಮಗನ್ನ ನೋಡಾಕ ಬಿಡ್ತೀರೇನು? ಇದಕ್ಕ ನೆಟ್ಟಗ ಉತ್ತರ ಬರದಿದ್ರ ಹೊಳ್ಳಿ ಬರ್ರಿ.

ಮಾವ: ಧರ್ಮಸ್ಥಳದವರ ಶಿಬಿರ ನಮ್ಮ ಕಡೇನೂ ಮಾಡ್ತಾರಲ್ಲ.

ನರ್ಸ್: ಮದ್ಯವರ್ಜನ ಶಿಬಿರ. ಎಂಟು ದಿನ ಮಾಡ್ತಾರ, ಊರವರೇ ಮುಂದ ನಿಂತು ನಡಸ್ತಾರ. ಕುಡ್ಯಾವರಿಗೆ ಅದರಿಂದ ಭಾಳ ಉಪಯೋಗ ಆಗ್ಯದ. ನನಗ ಅದರಾಗ ಸೇರೂದು ಶಿಬಿರ ಮುಗದ ಮ್ಯಾಲಿನ ಕೆಲಸ. ಬಿಟ್ಟವರನ್ನ ಕೂಡ್ಸಿ ನವಜೀವನ ಸಮಿತಿ ಅಂತ ಮಾಡ್ತಾರ, ಅವರವರ ಸೇರಿ ಕಷ್ಟ ಸುಖ ಮಾತಾಡ್ತಾರ. ಚಟ ಬಿಟ್ಟಾವಗ ಸಂಜಿ ಹೊತ್ತು ಕಳಿಯೂದೇ ದೊಡ್ಡ ಕೆಲಸ ಮಾವಾ. ಹಳೇ ಗೆಳ್ಯಾರು ಅದ ಕಟ್ಟಿ ಮ್ಯಾಲ ಕುಂತಿರ್ತಾರ. ಹೊಸ ಮಂದಿ ಸಿಗದಿದ್ರ ಅಲ್ಲಿಗೇ ಹೋಗ್ತಾನ. ಆದ್ರ ನಿಮ್ಮ ಮಗಂದು ಗುಳಿಗಿ. ಮೊದಲ ಡಾಕ್ಟರ್ ನೋಡ್ಲಿ, ಶಿಬಿರ ಸಮಿತಿ ಆಮ್ಯಾಲ.

ಮಾವ: ಡಾಕ್ಟರ್ ಏನು ಕೊಡ್ತಾರ? ಗುಳಿಗಿ ಬಿಡ್ಸಾಕ ಮತ್ತ ಗುಳಿಗೀನ?

ನರ್ಸ್: ಹೌದು, ಮತ್ತ ಗುಳಿಗೀನ. ಬುಪ್ರೆನಾರ್ಫಿನ್ ಅಂತ ಅದ, ನಾಲಿಗಿ ಕೆಳಗ ಇಡೂದು. ಮೈ ಮುರಿತ, ಹಂಬಲ ಎರಡೂ ತಗ್ತಾವ, ನಶಾ ಏರಂಗಿಲ್ಲ, ಕೆಲಸಕ್ಕ ಹೋಗಾಕ ಬರ್ತದ. ಪೂರಾ ಬಿಟ್ಟ ಮ್ಯಾಲ ಕೆಲವರಿಗೆ ನಾಲ್ಟ್ರೆಕ್ಸೋನ್ ಕೊಡ್ತಾರ. ಅದು ಮೈಯಾಗಿದ್ರ ಹಳೇ ಗುಳಿಗಿ ತಿಂದ್ರೂ ನಶಾ ಹತ್ತಂಗಿಲ್ಲ. ಯಾವುದು, ಎಷ್ಟು ದಿನ ಅನ್ನೂದು ಡಾಕ್ಟರ್ ಲೆಕ್ಕ. ಗಾಂಜಾಕ್ಕ ಇಂಥಾದ್ದೇ ಅಂತ ಗುಳಿಗಿ ಇಲ್ಲ. ನಿದ್ದಿ ಸುಧಾರಸೂದು, ಕುಂತು ಮಾತಾಡೂದು, ದಿನದ ರೂಢಿ ಬದಲ್ ಮಾಡೂದು. ನೀವು ಬಿಪಿ ಗುಳಿಗಿ ವರ್ಷಗಟ್ಟಲೆ ನುಂಗ್ತೀರಿ, ಒಮ್ಮೆ ಏರಿದ್ರ ಡಾಕ್ಟರ್ ನಿಮ್ಮನ್ನ ಬೈದು ಹೊರಗ ಹಾಕಂಗಿಲ್ಲ, ಗುಳಿಗಿ ಬದಲ್ ಮಾಡ್ತಾರ. ಇದೂ ಹಂಗ. ನಡುವ ಒಮ್ಮೆ ತಪ್ಪಿದ ಅಂದ್ರ ಎಲ್ಲ ನೀರಾಗ ಹೋತು ಅನಬ್ಯಾಡ್ರಿ. ಮರುದಿನಾನ ಕರ್ಕೊಂಡು ಬರ್ರಿ.

ಮಾವ: ಇಷ್ಟೆಲ್ಲ ಖರೆ. ಅವ ಹೂಂ ಅನಬೇಕಲ್ಲ. ಬಾಯಿ ತಗದ್ರ ಜಗಳ ಆಗ್ತದ. ಅವನ ಗೆಳ್ಯಾರನ್ನ, ಬೀಗರನ್ನ, ಊರ ಹಿರ್ಯಾರನ್ನ ಕೂಡ್ಸಿ ನಡುವ ನಿಲ್ಸಿ ಕೇಳೂಣು ಅಂತೀನಿ.

ನರ್ಸ್: ಪಂಚಾಯ್ತಿ ಕೂಡ್ಸಬ್ಯಾಡ್ರಿ. ಅಮೆರಿಕಾದ ನ್ಯೂ ಮೆಕ್ಸಿಕೋದಾಗ ಇದನ್ನ ತೂಗಿ ನೋಡ್ಯಾರ, 1999ರಾಗ ಛಾಪಾತು. ಚಿಕಿತ್ಸಾ ಒಲ್ಲೆ ಅನ್ನೂ ಕುಡುಕರ ಮನಿಯವರನ್ನ ಬ್ಯಾರೆ ಬ್ಯಾರೆ ಗುಂಪು ಮಾಡಿದ್ರು. ಎಲ್ಲಾರೂ ಕೂಡಿ ಎದುರಿಗೆ ಕುಂಡ್ರಿಸಿ ಕೇಳೂ ಪದ್ಧತಿ ಕಲಿಸಿದ ಗುಂಪಿನ್ಯಾಗ ನೂರಕ್ಕ 30 ಮಂದಿ ಚಿಕಿತ್ಸಾಕ್ಕ ಬಂದ್ರು. ಮನ್ಯಾಗ ಹೆಂಗ ಮಾತಾಡಬೇಕು, ಯಾವಾಗ ಕೈ ಹಿಡೀಬೇಕು, ಯಾವಾಗ ಕೈ ಹಿಂದ ತಗೀಬೇಕು ಅಂತ ಮನಿಯವರಿಗೆ ಕಲಿಸಿದ ಗುಂಪಿನ್ಯಾಗ 64 ಮಂದಿ. ಎರಡರಷ್ಟು! ಅಪ್ಪಗಳ ಜೋಳಿಗ್ಯಾಗ ಇದ್ದದ್ದು ಅದ ಅಂತ ನನಗ ಅನಸ್ತದ.

ಮಾವ: ನನಗ ಕಲಿಸು ಹಂಗಾದ್ರ.

ನರ್ಸ್: ನಶಾದಾಗಿದ್ದಾಗ ಮಾತು ತಗೀಬ್ಯಾಡ್ರಿ. ಮೈ ಮುರದು ಒದ್ದಾಡುವಾಗ ಬೈಬ್ಯಾಡ್ರಿ. ಚಲೋ ಹೊತ್ತು ನೋಡ್ರಿ, ತ್ವಾಟದಾಗ ಇಬ್ಬರ ಇರುವಾಗ ಆಗಬಹುದು. ಅತ್ತಿ ಅಳೂದು ಬ್ಯಾಡ. ನೀವು ಕಣ್ಣಾರೆ ಕಂಡದ್ದು ಹೇಳ್ರಿ, ಮಂದಿ ಹೇಳಿದ್ದು ಬ್ಯಾಡ. ನಶಾ ಮಾಡದ ಇದ್ದ ದಿನ ಜೋಡಿ ಕುಂತು ಊಟ ಮಾಡ್ರಿ, ಆ ದಿನ ನಿಮಗ ಹಿಗ್ಗಾತು ಅನ್ನೂದು ಅವಗ ಕಾಣಲಿ. ಕೈಗೆ ರೊಕ್ಕ ಕೊಡಬ್ಯಾಡ್ರಿ, ಮಾರಾವನ ಸಾಲ ತೀರ್ಸಬ್ಯಾಡ್ರಿ. ರೊಟ್ಟಿ ಮಾತ್ರ ಎಂದೂ ತಪ್ಪಸಬ್ಯಾಡ್ರಿ. ಹೊಡದಾಡಾಕ ಬಂದ್ರ ಅತ್ತೀನ ಕರ್ಕೊಂಡು ಹೊರಗ ಬಂದು ಬಿಡ್ರಿ, ಸಹನಾ ಅಂದ್ರ ಪೆಟ್ಟು ತಿನ್ನೂದಲ್ಲ. ಈಗ ಒಮ್ಮೆ ಹೇಳಿ ತೋರಸ್ರಿ.

ಮಾವ: ನೋಡಪಾ, ನೀ ನಮ್ಮ ಮನಿ ಮಾನ ಕಳದಿ...

ನರ್ಸ್: ಮಾನದ ಮಾತು ಬ್ಯಾಡ್ರಿ.

ಮಾವ: ನೋಡಪಾ, ಮುಂಜಾನಿ ನೀ ಒದ್ದಾಡೂದು ನನಗ ನೋಡಾಕ ಆಗವಲ್ದು. ಅದು ಜಡ್ಡು ಅಂತ, ಅದಕ್ಕ ಔಷಧ ಅದ ಅಂತ. ಮಂಗಳವಾರ ಇಂಡ್ಯಾಗ ಡಾಕ್ಟರ್ ಬರ್ತಾರ. ಬಿಡು ಅಂತ ನಾ ಕೇಳಂಗಿಲ್ಲ. ಒಂದು ಸಲ ನನ್ನ ಜೋಡಿ ಬಾ. ಒಳಗ ನೀ ಒಬ್ಬನ ಹೋಗಿ ಮಾತಾಡು, ನಾ ಹೊರಗ ಕುಂತಿರ್ತೀನಿ.

ನರ್ಸ್: ಇಷ್ಟ ಸಾಕು. ಹೂಂ ಅಂದ್ರ ತಡಾ ಮಾಡಬ್ಯಾಡ್ರಿ, ಇವರ ಹೂಂ ಭಾಳ ಹೊತ್ತು ನಿಲ್ಲಂಗಿಲ್ಲ. ಮಂಗಳವಾರ ದೂರ ಇದ್ರ ಅವತ್ತ ವಿಜಯಪುರಕ್ಕ ನಡೀರಿ. ಆಧಾರ್ ಕಾರ್ಡು, ರೇಷನ್ ಕಾರ್ಡು ತಗೋರಿ. ಅವ ತಿನ್ನೂ ಗುಳಿಗಿಯ ಖಾಲಿ ಪಾಕೀಟು ಇದ್ರ ಮರೀದ ಕಿಸೇದಾಗ ಇಟ್ಕೋರಿ, ಡಾಕ್ಟರಿಗೆ ಅದರಿಂದ ಅರ್ಧ ಕೆಲಸ ಹಗುರ ಆಗ್ತದ.

ಮಾವ: ಒಲ್ಲೆ ಅಂದ್ರ?

ನರ್ಸ್: ನೀವಿಬ್ಬರ ಬರ್ರಿ, ಅತ್ತೀನೂ ಕರ್ಕೊಂಡು.

ಮಾವ: ರೋಗಿ ಇಲ್ಲದ ಡಾಕ್ಟರ್ ಯಾರನ್ನ ನೋಡ್ತಾರ?

ನರ್ಸ್: ನಿಮ್ಮನ್ನ. ಅತ್ತಿ ಎಷ್ಟು ದಿನದಿಂದ ನಿದ್ದಿ ಮಾಡಿಲ್ಲ, ನಿಮ್ಮ ಬಿಪಿ ಎಷ್ಟಾಗ್ಯದ, ಯಾರಿಗೆ ಗೊತ್ತು? ಮನ್ಯಾಗ ಏನು ನಡದದ ಅಂತ ಎಲ್ಲ ಹೇಳ್ರಿ, ಅವರು ನಿಮಗ ಮುಂದಿಂದು ಹೇಳ್ತಾರ. ಮತ್ತಿನ ಸಲಾನೂ ಬರ್ರಿ. ಮನಿಗೆ ಹ್ವಾದ ಮ್ಯಾಲ ಅವ ಕೇಳೇ ಕೇಳ್ತಾನ, ಇಬ್ಬರೂ ಕೂಡಿ ಎಲ್ಲಿಗೆ ಹೋಗಿದ್ರಿ ಅಂತ. ಮುಚ್ಚಿಡಬ್ಯಾಡ್ರಿ, ಎಲ್ಲಿಗೆ ಹೋಗಿದ್ರಿ, ಯಾಕ ಹೋಗಿದ್ರಿ, ಹೇಳ್ರಿ.